ಅರ್ಧ ಪುಟ

ಅಪ್ಪ ಇಟ್ಟ ಹೆಸರು ಪ್ರಖ್ಯಾತ್.
ಮಗನ ನಾಲಗೆಗೆ ಪಕಾರ ಒಗ್ಗುವುದಿಲ್ಲವೆಂದು
ತೊಟ್ಟಿಲ ಹೊತ್ತಿಗೆ ಯಾರಿಗೆ ಗೊತ್ತಿತ್ತು?

ಕುಂಬಳೆಯ ಶಾಲೆ, ಒಂಬತ್ತು ಸಿ, ಕನ್ನಡ ಡಿವಿಜನ್.
ಹಾಜರಿಗೆ ‘ಪ್ರೆಸೆಂಟ್’ ಅನ್ನಬೇಕು. ಅದೂ ಪಕಾರವೇ.
ಒಂದು ಪ, ಎರಡು ಪ,
ಮೂರನೆಯದಕ್ಕೆ ಹಿಂದಿನ ಬೆಂಚು ಬೈಕು ಸ್ಟಾರ್ಟ್ ಮಾಡುತ್ತಿತ್ತು:
ಪ ಪ ಪ ಪ, ಕಿಕ್ ಹೊಡಿ ಮಾರಾಯ, ಚೋಕ್ ಎಳಿ!

ಯಕ್ಷಿತ್, ಅನ್ಸಾಫ್, ಮೆಲ್ರಾಯ್, ಸಜಿತ್.
ಒಮ್ಮೆ ಮೂತ್ರದ ಕೋಣೆಯ ಬಾಗಿಲಿಗೆ ಅಡ್ಡ ನಿಂತು
‘ಪಪ್ಪಾಯಿ ಅಂತ ಹೇಳು, ಒಳಗೆ ಬಿಡುತ್ತೇವೆ’ ಎಂದರು.
ಗಂಟೆ ಹೊಡೆಯಿತು. ಪ್ಯಾಂಟು ಒದ್ದೆ.

ಬರೆಯುವಾಗ ಮಾತ್ರ ತೊದಲಿಲ್ಲ.
ಗಣಿತದ ನೋಟುಪುಸ್ತಕದ ಹಿಂದಿನಿಂದ
ಕಾದಂಬರಿ ಶುರು ಮಾಡಿದೆ. ಅದರಲ್ಲೊಬ್ಬ ಮಾತಾಡದವನು.
ಮುಖಕ್ಕೆ ಸುತ್ತಿದ ಸಮವಸ್ತ್ರದ ಅಂಗಿ,
ಕೈವಾರದ ಮೊನೆಯಲ್ಲಿ ತೂತು ಮಾಡಿದ ಎರಡು ಕಣ್ಣು,
ಕೈಯಲ್ಲಿ ಮೀನು ಮಾರ್ಕೆಟ್ಟಿನ ಕತ್ತಿ.
ಮೆಲ್ರಾಯ್ ರೈಲುಗೇಟಿನ ಹತ್ತಿರ,
ಗೂಡ್ಸ್ ಗಾಡಿಯ ಸದ್ದಿನೊಳಗೆ ಕೂಗು ಹೂತುಹೋಗುವಂತೆ.
ಅನ್ಸಾಫ್ ಐಸ್ ಪ್ಲಾಂಟಿನಲ್ಲಿ, ಬಂಗುಡೆಗಳ ನಡುವೆ, ಅವುಗಳ ಹಾಗೆಯೇ ಕಣ್ಣು ಬಿಟ್ಟು.
ಯಕ್ಷಿತನಿಗೆ ಎರಡೂವರೆ ಪುಟ;
ಅದಕ್ಕೆಂದೇ ಕೆಂಪು ಪೆನ್ನು ಕೊಂಡಿದ್ದೆ.
ಸಜಿತನ ಸರದಿಗೆ ಪರೀಕ್ಷೆ ಬಂತು.
ಅವಸರದಲ್ಲಿ ಕೆಂಪುಕಲ್ಲಿನ ಕೋರೆಯ ನೀರಿಗೆ ತಳ್ಳಿಸಿದೆ.
ಅರ್ಧ ಪುಟ.

ಪುಸ್ತಕ ಅವರ ಕೈಗೆ ಸಿಕ್ಕಿತು.
ನೀರಿನ ಟಾಂಕಿಯ ಹಿಂದೆ ಕೂತು ಓದಿದರು.
ಏಳರವರೆಗೆ ಮಲಯಾಳದಲ್ಲಿ ಕಲಿತ ಯಕ್ಷಿತ್
ಒತ್ತಕ್ಷರ ಬಂದಲ್ಲೆಲ್ಲ ಎಡವಿದ. ಯಾರೂ ನಗಲಿಲ್ಲ.
‘ಕರುಳು ಇಷ್ಟು ಉದ್ದ ಉಂಟಾ?’
‘ನನ್ನ ಸಾವು ಸೂಪರ್ ಮಾರಾಯ!’
ಸಜಿತನಿಗೆ ಮಾತ್ರ ಸಿಟ್ಟು:
‘ಇವರಿಗೆಲ್ಲ ಪುಟಗಟ್ಟಲೆ, ನನಗೆ ಎಂತ ಅರ್ಧ? ರಕ್ತವೂ ಇಲ್ಲ.
ಎರಡನೇ ಭಾಗದಲ್ಲಿ ಸರಿಯಾಗಿ ಸಾಯಿಸು.’
ಬೆನ್ನು ತಟ್ಟಿದರು.
ಮೂತ್ರದ ಕೋಣೆಯ ಮುಂದೆಯೂ
ನನಗೆ ಅಷ್ಟು ಅವಮಾನ ಆಗಿರಲಿಲ್ಲ.

ಏಪ್ರಿಲ್ ರಜೆಯಲ್ಲಿ ಕೋರೆಯಲ್ಲಿ ಸಜಿತ ತೇಲಿದ.
ಈಜಲು ಹೋಗಿದ್ದನಂತೆ, ಒಬ್ಬನೇ.
ದಡದಲ್ಲಿ ಚಪ್ಪಲಿ, ಜೋಡಿಯಾಗಿ.
(ಚಪ್ಪಲಿಯ ವಿಷಯ ನಾನು ಬರೆದಿರಲಿಲ್ಲ.)
ಆ ದಿನ ನಾನು ಉಪ್ಪಳದಲ್ಲಿ, ಅತ್ತೆಯ ತಾರಸಿಯಲ್ಲಿ
ಹಲಸಿನ ಹಪ್ಪಳಕ್ಕೆ ಕಾಗೆ ಓಡಿಸುತ್ತಿದ್ದೆ.
ಸಾಕ್ಷಿಗೆ ನಾಲ್ಕು ಮಂದಿ ಇದ್ದಾರೆ.
ಯಾರೂ ಕೇಳಲೇ ಇಲ್ಲ.

ಜೂನ್. ಹತ್ತು ಸಿ. ಹಾಜರಿ.
ಒಂದು ಪ, ಎರಡು, ಮೂರು, ಏಳು.
ಫ್ಯಾನಿನ ಸದ್ದು ಮಾತ್ರ.
ಮಕ್ಕಳು ಸುಧಾರಿಸಿದ್ದಾರೆ ಅಂತ ಟೀಚರಿಗೆ ಖುಷಿ.
ಹಿಂದಿನ ಬೆಂಚಿನಲ್ಲಿ ಮೂವರು, ಮತ್ತೆ ಒಬ್ಬ ಕೂರುವಷ್ಟು ಜಾಗ.

ನಿನ್ನೆ ಸೈಕಲ್ ಶೆಡ್ಡಿನಲ್ಲಿ ಯಕ್ಷಿತ್ ತಡೆದ.
ಕಾಲರಿಗೆ ಕೈ ಹಾಕಲಿಲ್ಲ, ಐದಡಿ ದೂರ ನಿಂತ.
‘ನನ್ನ ಆ ಎರಡೂವರೆ ಪುಟ...
ಹರಿದು ಬಿಸಾಡು. ಎಂತ ಬೇಕು ಹೇಳು, ಕೊಡುತ್ತೇನೆ.’

ಸಜಿತನ ಸುದ್ದಿ ಬಂದ ರಾತ್ರಿಯೇ
ಎಲ್ಲ ಬಚ್ಚಲ ಒಲೆಗೆ ಹಾಕಿದ್ದೆ.
ಉಳಿದದ್ದು ಆ ಅರ್ಧ ಪುಟ ಒಂದೇ.
ಅದರ ಕೆಳಗಿನ ಖಾಲಿಯಲ್ಲಿ ಅವನು ಈಜಿ ದಡ ಸೇರುವ ಹಾಗೆ
ಒಂದು ವಾಕ್ಯ ಬರೆಯಲು ನೋಡುತ್ತೇನೆ, ದಿನಾ.
ಈಗ ಪೆನ್ನೂ ತೊದಲುತ್ತದೆ.

ಹೇಳಬೇಕಿದ್ದದ್ದು ಎರಡೇ ಮಾತು: ಪುಟ ಸುಟ್ಟೆ.
ಪ, ಎಂದೆ.
ತುಟಿ ಅಂಟಿತು, ಕುತ್ತಿಗೆಯ ನರ ಬಿಗಿಯಿತು,
ಕಣ್ಣು ಮೇಲಕ್ಕೆ ಹೋಯಿತು.
ಆಗ ನನ್ನ ಮುಖ ಹೇಗಿರುತ್ತದೆಂದು ಗೊತ್ತು;
ಅವರೇ ಮೊಬೈಲಿನಲ್ಲಿ ಹಿಡಿದು ನನಗೆ ತೋರಿಸಿದ್ದರು.
ಯಕ್ಷಿತ್ ಒಂದು ಹೆಜ್ಜೆ ಹಿಂದೆ ಸರಿದ,
ಇನ್ನೊಂದು.
ಸೈಕಲ್ಲುಗಳು ಒಂದರ ಮೇಲೊಂದು ಉರುಳಿದವು.
ಪ, ಪ, ಎನ್ನುತ್ತ
ನಾನು ಕೈ ಚಾಚಿದೆ.